ಕಿಟಕಿ ಸಾಲಿನ ಬಟನ್

ಅಕ್ಕ ಬಾಗಿಲು ತಟ್ಟಿದಳು. ಮೊದಲಾಗಿದ್ದರೆ ಅಂಗೈಯಿಂದ ದಬದಬ ಬಡಿದು, ಬಾಗಿಲು ತೆಗೆಯುವ ಮುಂಚೆಯೇ ಅರ್ಧ ಸುದ್ದಿ ಹೇಳಿ ಮುಗಿಸುತ್ತಿದ್ದಳು. ಇವತ್ತು ಬೆರಳ ಗೆಣ್ಣಿನಿಂದ ಮೆಲ್ಲಗೆ, ರೋಗಿ ಮಲಗಿದ ಕೋಣೆಗೆ ಬಂದವಳ ಹಾಗೆ. ಮೆಣಸು ಕಿಟಕಿಯಿಂದ ಇಣುಕಿ ನೋಡಿ, ಬೇಕಂತಲೇ ಪಾತ್ರೆಯೆಲ್ಲ ತೊಳೆದು ಮುಗಿಸುವವರೆಗೂ ಅವಳನ್ನು ಹೊರಗೆ ನಿಲ್ಲಿಸಿದಳು. ನಿಲ್ಲಲಿ, ಕಾಲೇನೂ ಸವೆಯುವುದಿಲ್ಲ. ಹೂವಿನ ಮಾರ್ಕೆಟ್ಟಿನ ಗೇಟಿನಾಚೆ ತಾನು ರಟ್ಟಿನ ಪೆಟ್ಟಿಗೆ ಹಿಡಿದುಕೊಂಡು ನಿಂತಿದ್ದ ದಿನ ಇದೇ ಅಕ್ಕ ಕಾರಿನ ಗಾಜು ಏರಿಸಿಕೊಂಡು ಹೋಗಿರಲಿಲ್ಲವೇ?

ಮೆಣಸು ಅನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಮಾರ್ಕೆಟ್ಟಿನವರು ಕರೆದದ್ದು. ತಪ್ಪು ಕಂಡರೆ ಎದುರಿಗಿರುವವರು ಅಧ್ಯಕ್ಷರಾಗಲಿ, ಗಾಡಿ ತಳ್ಳುವವರಾಗಲಿ, ಚಳಿ ಬಿಡಿಸಿಯೇ ಕಳಿಸುವ ಬಾಯಿ ಅವಳದು. ಅಲ್ಲಿನ ಹರಾಜಿನ ಬಟನ್ ಪ್ರೋಗ್ರಾಂ ಬರೆದವಳು ಅವಳೇ. ಸರ್ವರ್ ಮತ್ತು ಉಳಿದ ಯಂತ್ರಗಳಿಗೆಲ್ಲ ಮುಖ್ಯಸ್ಥ ಅಕ್ಕನ ಗಂಡ, ಅಂದರೆ ಅವಳ ಭಾವ.

ಆ ಮಾರ್ಕೆಟ್ಟಿನಲ್ಲಿ ಹರಾಜು ಅಂದರೆ ಕೂಗಾಟವಲ್ಲ. ಗೋಡೆಯ ಮೇಲೆ ಒಂದು ದೊಡ್ಡ ಪರದೆ, ಪರದೆಯಲ್ಲಿ ಒಂದೇ ಮುಳ್ಳಿನ ಗಡಿಯಾರ. ಮುಳ್ಳು ಹೆಚ್ಚಿನ ಬೆಲೆಯಿಂದ ಶುರುವಾಗಿ ಕೆಳಗಿಳಿಯುತ್ತಾ ಬರುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಕೂತ ವ್ಯಾಪಾರಿಗಳಲ್ಲಿ ಯಾರು ಮೊದಲು ಬಟನ್ ಒತ್ತುತ್ತಾರೋ ಆ ಹೂವು ಅವರದು. ಕಣ್ಣು ಮಿಟುಕಿಸುವಷ್ಟು ತಡವಾದರೂ ಗುಲಾಬಿ ಪಕ್ಕದವನ ಪಾಲು.

ಅಂಥ ಜಾಗದಲ್ಲಿ ಕಿಟಕಿ ಪಕ್ಕದ ಸಾಲಿನವರ ಬಟನ್ ತಡವಾಗತೊಡಗಿತು. ಬೇರೆ ಯಾರಿಗೂ ಇಲ್ಲ, ಆ ಒಂದು ಸಾಲಿಗೆ ಮಾತ್ರ. ಒತ್ತುತ್ತಾರೆ, ಮುಳ್ಳು ಜಾರುತ್ತಲೇ ಇರುತ್ತದೆ, ಸರಕು ಇನ್ನೊಬ್ಬರಿಗೆ ಹೋಗುತ್ತದೆ. ಮೊದಲ ಸಾಲಿನಲ್ಲಿ ಕೂತು ಹೂವು ಕೊಳ್ಳುತ್ತಿದ್ದವರಲ್ಲಿ ಮೆಣಸಿನ ಗಂಡನೂ ಒಬ್ಬ. ಇನ್ನೇನು ಬೇಕು? ಹೆಂಡತಿ ಪ್ರೋಗ್ರಾಂ ಬರೀತಾಳೆ, ಗಂಡ ಗುಲಾಬಿ ಹೊಡೀತಾನೆ ಅಂತ ಗುಸುಗುಸು ಎದ್ದಿತು. ಆಗ ಭಾವ ಅಧ್ಯಕ್ಷರ ಮುಂದೆ ನಿಂತು, ಮುಖ ಸಣ್ಣದು ಮಾಡಿಕೊಂಡು ಹೇಳಿದ: "ನಾದಿನಿ ಅಂತ ನಾನು ಮುಚ್ಚಿಡೋದಿಲ್ಲ. ಯಂತ್ರದಲ್ಲಿ ತಪ್ಪಿಲ್ಲ. ಪ್ರೋಗ್ರಾಂ ಬರೆದವರನ್ನೇ ಕೇಳಿ."

ಆಹಾ, ಏನು ಪ್ರಾಮಾಣಿಕತೆ! ತನ್ನ ಯಂತ್ರದ ಗೂಬೆಯನ್ನು ಎತ್ತಿ ನಾದಿನಿಯ ತಲೆಯ ಮೇಲೆ ಕೂರಿಸಿ ಕೈ ತೊಳೆದುಕೊಂಡ. ಅವಳ ಕೆಲಸ ಹೋಯಿತು, ಗಂಡನ ಸೀಟು ಹೋಯಿತು. ಈಗ ಅವನು ಬೇರೆಯವರು ಕೊಂಡ ಹೂವನ್ನು ವ್ಯಾನಿನಲ್ಲಿ ತುಂಬಿಕೊಂಡು ಅಂಗಡಿಯಿಂದ ಅಂಗಡಿಗೆ ತಿರುಗುತ್ತಾನೆ. ಅವಳನ್ನು ಕಳಿಸಿದ ಮೇಲೆ ಸರ್ವರನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿದರಂತೆ, ಕಿಟಕಿ ಸಾಲಿನ ಪೀಡೆ ಮಾಯವಾಯಿತಂತೆ. ಕಳ್ಳಿ ಹೋದಳು, ರೋಗವೂ ಹೋಯಿತು ಅಂತ ಎಲ್ಲರೂ ಒಪ್ಪಿಬಿಟ್ಟರು. ಬೇರೆ ಕಡೆ ಕೆಲಸ ಕೇಳಲು ಹೋದಲ್ಲೆಲ್ಲ ಆ ಮಾತು ಅವಳಿಗಿಂತ ಮುಂಚೆ ಹೋಗಿ ಕುರ್ಚಿ ಎಳೆದುಕೊಂಡು ಕೂತಿರುತ್ತಿತ್ತು.

ಈಗ ಮಾರ್ಕೆಟ್ಟಿಗೆ ಹೊಸ ಸರ್ವರ್ ಬಂದಿದೆ. ಅದರ ಬೆನ್ನಿಗೇ ಹಳೇ ಪೀಡೆ ಬಂದಿದೆ, ಅದೇ ಸಾಲಿಗೆ.

"ಕಿಟಕಿ ಸಾಲಿನವರು ಕೆಂಡ ಕಾರ್ತಿದ್ದಾರೆ ಕಣೆ," ಅಕ್ಕ ಕುರ್ಚಿಯ ತುದಿಯಲ್ಲಿ ಕೂತು ಹೇಳಿದಳು. "ನೀನೇ ಪ್ರೋಗ್ರಾಂ ಒಳಗೆ ಏನೋ ವಿಷ ಬಿಟ್ಟು ಹೋಗಿದ್ದೀಯ ಅಂತಾರೆ. ಪೊಲೀಸರಿಗೆ ಕೊಡ್ತೀವಿ ಅಂತಾರೆ. ನಾಳೆ ಬೆಳಿಗ್ಗೆ ನಿನ್ನನ್ನ ಕರೆಸಿ ಕೇಳ್ಬೇಕು ಅಂತ ಅಧ್ಯಕ್ಷರು ಹೇಳಿದ್ದಾರೆ."

"ವಿಷ ಅಂತ ಮೊದಲು ಅಂದವರು ಯಾರು?"

ಅಕ್ಕ ಕೈಚೀಲದ ಜಿಪ್ಪನ್ನು ತೆರೆದಳು, ಮುಚ್ಚಿದಳು. "ಇವರೇ ಅಂದ್ರು. ಬಾಯ್ತಪ್ಪಿ ಅಂದ್ರು. ಅವರಿಗೂ ದಿಕ್ಕೇ ತೋಚ್ತಿಲ್ಲ. ದಿನಾ ಹರಾಜು ಮುಗಿದ ಮೇಲೆ ಸರ್ವರ್ ಮುಂದೆ ಕೂತು ನೋಡ್ತಾರೆ, ಏನೂ ಸಿಗಲ್ವಂತೆ. ನೀನು ಬಂದು ಹೇಗಾದ್ರೂ ಮಾಡಿ ಸರಿಮಾಡಿಬಿಡು. ವೈರ್ ಸಡಿಲ ಆಗಿತ್ತು ಅಂತ ಹೇಳಿದ್ರಾಯ್ತು, ಯಾರ ಮೇಲೂ ಬರಲ್ಲ. ನಿನ್ನ ಕಾಲಿಗೆ ಬೀಳ್ತೀನಿ."

ಅಕ್ಕನ ಕಣ್ಣಲ್ಲಿ ನೀರು. ಸುಳ್ಳೇಕೆ ಹೇಳಬೇಕು, ಭಾವನ ಮೇಲಿದ್ದಷ್ಟು ಉರಿ ಮೆಣಸಿಗೆ ಅಕ್ಕನ ಮೇಲಿರಲಿಲ್ಲ. ಪಾಪ, ಗಂಡ ಹೇಳಿದ್ದನ್ನು ನಂಬಿದಳು, ಅವಳೇನು ಮಾಡಿಯಾಳು ಅಂತ ಎಷ್ಟೋ ಸಲ ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು. ಆಗಲಿ ಅಕ್ಕಾ ಅನ್ನಲು ಬಾಯಿ ತೆರೆದೂ ಇದ್ದಳು.

ಅಷ್ಟರಲ್ಲಿ ಅಕ್ಕನೇ ಅವಸರಪಟ್ಟಳು. "ಈ ಸಲ ಇವರು ತುಂಬಾ ಹುಷಾರಾಗಿದ್ರು ಕಣೆ. ಹೋದ ಸಲದ ಹಾಗೆ ಆಗಬಾರದು ಅಂತ ಗಡಿಯಾರದ ಪ್ರೋಗ್ರಾಂನ ಸರ್ವರಿನಲ್ಲಿ ನೋಡಿಕೊಂಡೇ ಬೇರೆ ಕಡೆ ಕಟ್ಟಿದ್ರು. ಆದ್ರೂ..."

ಮೆಣಸು ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. "ಹೋದ ಸಲದ ಹಾಗೆ ಅಂದ್ರೆ?"

ಅಕ್ಕ ಕೈಚೀಲದ ಜಿಪ್ಪಿಗೆ ಮತ್ತೆ ಕೈ ಹಾಕಿದಳು.

"ಹೋದ ಸಲ ಆಗಿದ್ದು ಗಡಿಯಾರದಿಂದ ಅಂತ ಅವರಿಗೆ ಗೊತ್ತಿತ್ತಾ?"

"ನೀನು ಹೋದ ಮೇಲೆ ಗೊತ್ತಾಯ್ತು." ಅಕ್ಕ ನೆಲ ನೋಡಿದಳು. "ಆಮೇಲೆ ಹೇಳಿ ಏನು ಪ್ರಯೋಜನ ಅಂತ ಸುಮ್ಮನಾದ್ರು. ನಮ್ಮದೂ ಸಂಸಾರ ಅಲ್ವಾ? ಹೊಟ್ಟೆಗೆ ಹಾಕ್ಕೋ."

"ನಿನಗೆ ಯಾವಾಗ ಹೇಳಿದ್ರು?"

"ಅದೇ ವಾರ."

ಅದೇ ವಾರ! ಅದೇ ವಾರ ಮೆಣಸು ಜ್ವರ ಹಿಡಿದು ಮಲಗಿದ್ದಾಗ ಈ ಮಹಾತಾಯಿ ಫೋನ್ ಮಾಡಿ, ತಪ್ಪು ಮಾಡಿದ್ರೆ ಒಪ್ಪಿಕೊಂಡುಬಿಡು, ಮನಸ್ಸು ಹಗುರ ಆಗುತ್ತೆ ಅಂತ ಬುದ್ಧಿ ಹೇಳಿದ್ದಳು. ಎಲ್ಲ ಗೊತ್ತಿದ್ದೂ ಹೇಳಿದ್ದಳು. ಮೆಣಸಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. ಕೈಗೆ ಸಿಕ್ಕಿದ್ದನ್ನು ಎತ್ತಿ ಎಸೆಯಬೇಕು ಅನಿಸಿತು, ಎಸೆಯಲಿಲ್ಲ. ಎಸೆದರೆ ಅಕ್ಕ ಎದ್ದು ಹೋಗುತ್ತಾಳೆ, ಭಾವ ಹುಷಾರಾಗುತ್ತಾನೆ.

"ಬರ್ತೀನಿ," ಅಂದಳು. "ಭಾವನಿಗೆ ಹೇಳು, ಎಲ್ಲಾ ಸರಿಮಾಡಿಕೊಡ್ತೀನಿ."

ಅಕ್ಕ ಅತ್ತುಕೊಂಡೇ ನಕ್ಕು, ತಂಗಿಯ ಕೆನ್ನೆ ಸವರಿ ಹೋದಳು. ಸಂಜೆ ವ್ಯಾನ್ ನಿಲ್ಲಿಸಿ ಬಂದ ಗಂಡ ಸಂಗತಿ ಕೇಳಿ, "ಜಗಳ ಮಾತ್ರ ಆಡ್ಬೇಡ ಕಣೇ," ಅಂದ. ಆಡೋದಿಲ್ಲ ಅಂತ ಅವಳು ಮಾತು ಕೊಟ್ಟಳು. ಜಗಳದಲ್ಲಿ ತೀರುವ ಲೆಕ್ಕವಾಗಿರಲಿಲ್ಲ ಅದು.

ಬೆಳಿಗ್ಗೆ ಮಾರ್ಕೆಟ್ಟಿನ ಒಳಗೆ ಕಾಲಿಟ್ಟ ಕೂಡಲೇ ಒದ್ದೆ ರಟ್ಟಿನ, ಕತ್ತರಿಸಿದ ದಂಟಿನ ಅದೇ ಹಳೇ ವಾಸನೆ. ಚಕ್ರದ ಗಾಡಿಗಳು ಬಕೆಟ್ಟುಗಳನ್ನು ಹೊತ್ತು ಕಿರುಗುಟ್ಟುತ್ತಿದ್ದವು. ನೆಲ ತೊಳೆಯುತ್ತಿದ್ದ ಹೆಂಗಸು ಅವಳನ್ನು ಕಂಡು ನೀರಿನ ಪೈಪನ್ನು ಹಾಗೇ ಹಿಡಿದು ನಿಂತಳು. ಹರಾಜು ಕೋಣೆಯಲ್ಲಿ ವ್ಯಾಪಾರಿಗಳೆಲ್ಲ ಆಗಲೇ ಕೂತಿದ್ದರು.

"ಬಂದಳಪ್ಪಾ ಮಹಾರಾಣಿ!" ಅಂದ ಕಿಟಕಿ ಸಾಲಿನ ಹಿರಿಯ ವ್ಯಾಪಾರಿ. ಹೂವಿಗಾಗಿ ತಣ್ಣಗಿಟ್ಟ ಕೋಣೆ ಅಂತ ವರ್ಷವಿಡೀ ಮಫ್ಲರ್ ಸುತ್ತಿಕೊಂಡೇ ಬರುವ ಅವನನ್ನು ಎಲ್ಲರೂ ಮಫ್ಲರ್ ತಾತ ಅಂತಲೇ ಕರೆಯುತ್ತಿದ್ದರು. ಹಿಂದೆ ಅವಳನ್ನು ಕಳ್ಳಿ ಅಂತ ಮೊದಲು ಕೂಗಿದವನೂ ಅವನೇ.

ಅಧ್ಯಕ್ಷರು ನೆರೆತ ಕೂದಲಿನ, ಕಡಿಮೆ ಮಾತಿನ ಹೆಂಗಸು. "ನೋಡಮ್ಮಾ, ಏನು ಮಾಡಿಟ್ಟಿದ್ದೀಯೋ ಅದನ್ನ ಈಗಲೇ ತೆಗೆದುಬಿಡು. ಇಲ್ಲದಿದ್ರೆ ಈ ಮಾತು ನಮ್ಮ ಕೈ ದಾಟಿ ಹೋಗುತ್ತೆ," ಅಂದರು. ಪಕ್ಕದಲ್ಲೇ ನಿಂತಿದ್ದ ಭಾವ ತಲೆಯಾಡಿಸಿದ. ಅವನ ಕಣ್ಣು ಮಾತ್ರ, ವೈರ್ ಅಂತ ಹೇಳಮ್ಮಾ, ವೈರ್ ಅಂತ ಹೇಳು ಎಂದು ಬೇಡುತ್ತಿತ್ತು.

"ನಾನು ಕೀಬೋರ್ಡ್ ಮುಟ್ಟೋದೇ ಇಲ್ಲ," ಅಂದಳು ಮೆಣಸು. "ಮುಟ್ಟಿದ್ರೆ ನಾನು ಹಾಕಿದ್ದನ್ನ ನಾನೇ ತೆಗೆದೆ ಅಂತೀರಿ. ನಾನು ಹೇಳ್ತೀನಿ, ಭಾವ ಟೈಪ್ ಮಾಡಲಿ. ಅವರು ಕಿಟಕಿ ಸಾಲಿನಲ್ಲೇ ಕೂತಿರಲಿ, ಬಟನ್ನೂ ಅವರೇ ಒತ್ತಲಿ. ಸರ್ವರಿನ ಒಳಗೆ ಏನಾಗ್ತಿದೆ ಅನ್ನೋದು ದೊಡ್ಡ ಪರದೆಯಲ್ಲಿ ಗಡಿಯಾರದ ಪಕ್ಕದಲ್ಲೇ ಎಲ್ಲರಿಗೂ ಕಾಣಲಿ. ಹರಾಜು ನಡೀತಿರುವಾಗಲೇ ಕಾಣಬೇಕು."

"ಅದು ಸಾಧ್ಯವೇ ಇಲ್ಲ!" ಭಾವ ಗಡಬಡಿಸಿದ. "ನಿಯಮ ಇದೆ."

ನಿಯಮ ಇತ್ತು, ಹೌದು. ಗಡಿಯಾರ ಓಡುವಾಗ ಯಾರೂ ಕೈಯಾಡಿಸಬಾರದೆಂದು ಸರ್ವರ್ ಕೋಣೆಗೆ ಬೀಗ ಜಡಿದು, ಕೀಲಿಯನ್ನು ಅಧ್ಯಕ್ಷರು ಜೇಬಿಗೆ ಹಾಕಿಕೊಳ್ಳುವುದು ಅಲ್ಲಿ ಮೊದಲಿನಿಂದ ಬಂದ ಪದ್ಧತಿ. ಹಾಗಾಗಿ ಸರ್ವರಿಗೆ ಏನೇ ಕಾಯಿಲೆ ಬಂದರೂ ಹರಾಜು ಮುಗಿದು ಎಲ್ಲರೂ ಮನೆಗೆ ಹೋದ ಮೇಲೆಯೇ ನೋಡುವುದು. ಕೆಮ್ಮು ನಿಂತ ಮೇಲೆ ಎದೆಗೆ ಕಿವಿಯಿಟ್ಟು, ಎಲ್ಲಿದೆ ಕೆಮ್ಮು ಅಂತ ಕೇಳಿದ ಹಾಗೆ! ಭಾವನಿಗೆ ಏನೂ ಸಿಗದೇ ಇದ್ದದ್ದು ಇದಕ್ಕೇ.

ಅಧ್ಯಕ್ಷರು ಜೇಬಿನಿಂದ ಕೀಲಿ ತೆಗೆದು ಭಾವನ ಕೈಗೆ ಕೊಟ್ಟರು.

ಭಾವ ಬೀಗ ತೆಗೆದು, ಸರ್ವರಿಗೆ ಜೋಡಿಸಿದ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದು ಮಫ್ಲರ್ ತಾತನ ಪಕ್ಕ ಕೂತ. ಮೆಣಸು ಕೆಳಗೆ, ಎಲ್ಲರಿಗೂ ಕಾಣುವ ಹಾಗೆ, ಎರಡೂ ಕೈ ಹಿಂದೆ ಕಟ್ಟಿಕೊಂಡು ನಿಂತಳು. ಅವಳು ಹೇಳಿದ ಒಂದು ಆಜ್ಞೆಯನ್ನು ಅವನು ಟೈಪ್ ಮಾಡಿದ. ಪರದೆಯ ಮೇಲೆ ಸಾಲುಸಾಲಾಗಿ ಸಂಖ್ಯೆಗಳು ಬಂದವು.

"ನೀವು ಒತ್ತಿದ ಬಟನ್ ಸರ್ವರಿನ ನೆಟ್‌ವರ್ಕ್ ಕಾರ್ಡಿಗೆ ಬರುತ್ತೆ," ಅವಳು ಗಟ್ಟಿಯಾಗಿ ಹೇಳಿದಳು. "ಬಂದ ತಕ್ಷಣ ಕಾರ್ಡು ಪ್ರೊಸೆಸರಿನ ಭುಜ ತಟ್ಟಿ, ಏಯ್, ಬಂದಿದೆ ನೋಡು ಅನ್ನುತ್ತೆ. ಆ ತಟ್ಟೋದಕ್ಕೆ ಇಂಟರಪ್ಟ್ ಅಂತಾರೆ. ಪ್ರೊಸೆಸರಿನ ಒಳಗೆ ಕೆಲವು ಕೋರುಗಳಿವೆ, ಕೆಲಸಗಾರರು ಅಂದ್ಕೊಳ್ಳಿ. ನಿಮ್ಮ ಒಂದೊಂದು ಸಾಲಿಗೂ ಒಂದೊಂದು ಇಂಟರಪ್ಟ್. ಯಾವ ಸಾಲು ಯಾವ ಕೆಲಸಗಾರನ ಭುಜ ತಟ್ಟುತ್ತಿದೆ ಅನ್ನೋದೇ ಈ ಸಂಖ್ಯೆಗಳು. ಕೊನೆಯದು ಕಿಟಕಿ ಸಾಲು. ಹರಾಜು ಶುರುಮಾಡಿ."

ಮುಳ್ಳು ಬೆಣ್ಣೆಯ ಮೇಲೆ ಜಾರಿದಂತೆ ನುಣ್ಣಗೆ ಇಳಿಯತೊಡಗಿತು. ಮೊದಮೊದಲು ಎಲ್ಲ ಸರಿಯಾಗಿಯೇ ಇತ್ತು. ಭಾವ ಒತ್ತಿದ, ಒಂದು ಗಾಡಿ ಹಳದಿ ಹೂವು ಅವನ ಹೆಸರಿಗೇ ಬಂತು. ಅವನ ತುಟಿಯ ಮೇಲೆ ಸಣ್ಣ ನಗೆಯೂ ಮೂಡಿತು. ಆಮೇಲೆ ಗುಲಾಬಿ ಬಂದವು. ಗುಲಾಬಿ ಅಂದರೆ ಕಿಟಕಿ ಸಾಲಿನವರಿಗೆ ಪ್ರಾಣ. ಎಲ್ಲರೂ ಬಟನ್ ಮೇಲೆ ಬಿದ್ದರು, ಹರಾಜು ಬಿಸಿಯೇರಿತು. ಪರದೆಯಲ್ಲಿ ಕಿಟಕಿ ಸಾಲಿನ ಸಂಖ್ಯೆ ಮೊದಲಿದ್ದ ಕೋರಿನ ಜಾಗದಲ್ಲಿ ಏರುವುದು ನಿಂತು, ಕೊನೆಯ ಕೋರಿನ ಜಾಗದಲ್ಲಿ ಏರಲು ಶುರುವಾಯಿತು.

"ನೋಡಿದ್ರಾ? ಇಂಟರಪ್ಟ್ ಜಾಗ ಬದಲಾಯಿಸಿತು. ಹೆಚ್ಚು ಕೆಲಸ ಇರೋದನ್ನ ಎತ್ತಿ, ಯಾವ ಕೋರಿಗೆ ಇಂಟರಪ್ಟ್ ಕಡಿಮೆಯೋ ಅದಕ್ಕೆ ಹಂಚೋ ಒಂದು ಪ್ರೋಗ್ರಾಂ ಸರ್ವರಿನಲ್ಲೇ ಇರುತ್ತೆ. ನಿಮ್ಮಷ್ಟು ಬಟನ್ ಬಡಿಯೋರು ಬೇರೆ ಯಾರಿದ್ದಾರೆ ತಾತ? ಅದಕ್ಕೇ ನಿಮ್ಮದನ್ನ ಎತ್ತಿ ಕೊನೇ ಕೋರಿಗೆ ಕೊಟ್ಟಿತು. ಹರಾಜು ಮುಗಿದ ಮೇಲೆ ವಾಪಸ್ ಹೋಗುತ್ತೆ, ಯಾರಿಗೂ ಕಾಣಲ್ಲ. ಒತ್ತಿ ಭಾವ."

ಭಾವ ಒತ್ತಿದ. ಗುಲಾಬಿ ಮೊದಲ ಸಾಲಿಗೆ ಹೋಯಿತು. ಮತ್ತೆ ಒತ್ತಿದ. ಹಿಂದಿನ ಸಾಲಿಗೆ ಹೋಯಿತು. ಅಷ್ಟು ತಣ್ಣಗಿನ ಕೋಣೆಯಲ್ಲಿ ಅವನ ಹಣೆಯಿಂದ ಬೆವರು ಇಳಿಯಿತು.

"ಏನ್ರೀ, ನಿದ್ದೆ ಹೊಡೀತಿದ್ದೀರಾ? ಒತ್ತ್ರೀ!" ಮಫ್ಲರ್ ತಾತ ಗದರಿದ.

"ಒತ್ತಿದೆನಲ್ಲಾ!"

"ನಾವೂ ಇಷ್ಟು ದಿನ ಇದನ್ನೇ ಬಡ್ಕೊಂಡಿದ್ದು!"

ಇಡೀ ಕೋಣೆ ಗೊಳ್ಳೆಂದು ನಕ್ಕಿತು. ಮೆಣಸು ನಗಲಿಲ್ಲ. ಅವಳು ಭಾವನ ಮುಖವನ್ನೇ ನೋಡುತ್ತಿದ್ದಳು. ಯಾವ ಕೋರಿನ ಮೇಲೆ ಆ ಸಂಖ್ಯೆ ಏರುತ್ತಿದೆ ಅನ್ನುವುದನ್ನು ಅವನು ಗುರುತು ಹಿಡಿದ ಗಳಿಗೆ ಅವಳಿಗೆ ಗೊತ್ತಾಯಿತು, ಅವನ ಮುಖದ ಬಣ್ಣವೇ ಇಳಿದುಹೋಯಿತು. ಆ ಗಳಿಗೆಗಾಗಿಯೇ ಅವಳು ಬಂದದ್ದು. ಒಳಗೊಳಗೇ ಹಿತವಾಯಿತು, ಉರಿಯುತ್ತಿದ್ದ ಕಾಲನ್ನು ತಣ್ಣೀರಿಗೆ ಇಳಿಬಿಟ್ಟ ಹಾಗೆ.

"ಇದಕ್ಕೆ ಒಂದೇ ಒಂದು ಸಾಲು ಟೈಪ್ ಮಾಡಿದ್ರೆ ಸಾಕು," ಅಂದಳು, ಜೇನು ಸುರಿಯುವ ದನಿಯಲ್ಲಿ. "ಅದು ನಿಮಗೇ ಚೆನ್ನಾಗಿ ಗೊತ್ತಲ್ಲ ಭಾವ. ಮಾಡಿಬಿಡಿ, ಪಾಪ, ತಾತನಿಗೆ ಗುಲಾಬಿ ಸಿಗಲಿ."

ಸುತ್ತಲೂ ಅಷ್ಟು ಕಣ್ಣು, ಬದಿಯಲ್ಲಿ ತಾತನ ಗೊಣಗಾಟ, ಎದುರಿಗೆ ಓಡುತ್ತಿರುವ ಮುಳ್ಳು. ಇದು ಮುಗಿದರೆ ಸಾಕಪ್ಪಾ ಅನಿಸಿರಬೇಕು. ಭಾವ ಏನನ್ನೂ ಕೇಳದೆ ಟಕಟಕ ಟೈಪ್ ಮಾಡಿ ಎಂಟರ್ ಒತ್ತಿದ. ಮುಂದಿನ ಗುಲಾಬಿಗೆ ಮಫ್ಲರ್ ತಾತ ಬಟನ್ ಒತ್ತಿದ, ಗುಲಾಬಿ ತಾತನದಾಯಿತು. ಕಿಟಕಿ ಸಾಲು ಹೋ ಎಂದು ಎದ್ದು ನಿಂತಿತು. ಭಾವ ನಿಟ್ಟುಸಿರು ಬಿಟ್ಟು, "ಸರಿಹೋಯ್ತು, ಸರಿಹೋಯ್ತು," ಅಂದ.

ಆದರೆ ಗಡಿಯಾರದ ಮುಳ್ಳು ಈಗ ನುಣ್ಣಗೆ ಜಾರುತ್ತಿರಲಿಲ್ಲ. ಕುಂಟುತ್ತಾ, ತಡೆತಡೆದು ಇಳಿಯುತ್ತಿತ್ತು.

"ಮುಳ್ಳಿಗೇನಾಯ್ತು?" ಅಧ್ಯಕ್ಷರು ಕೇಳಿದರು.

"ಏನು ಟೈಪ್ ಮಾಡಿದ್ರಿ ಭಾವ? ಎಲ್ಲರಿಗೂ ಕೇಳೋ ಹಾಗೆ ಹೇಳಿ."

"ಅದು... ಗಡಿಯಾರದ ಪ್ರೋಗ್ರಾಂನ ಕೊನೇ ಕೋರಿಗೆ ಕಟ್ಟಿದ್ದೆ. ಬಿಚ್ಚಿದೆ."

"ನಾನು ಗಡಿಯಾರದ ಪ್ರೋಗ್ರಾಂ ಮಾತೇ ಎತ್ತಿರಲಿಲ್ಲವಲ್ಲ."

ಮೆಣಸು ಅಧ್ಯಕ್ಷರ ಕಡೆ ತಿರುಗಿದಳು. "ಮುಳ್ಳು ನುಣ್ಣಗೆ ಓಡಲಿ ಅಂತ ಅದನ್ನ ಒಂದು ಕೋರಿಗೆ ಕಟ್ಟಿ, ಅದಕ್ಕಿಂತ ದೊಡ್ಡವರು ಯಾರೂ ಇಲ್ಲ ಅಂತ ಪಟ್ಟ ಕಟ್ಟಿಟ್ಟಿದ್ರು. ಅದು ಓಡುವಾಗ ಆ ಕೋರು ಬೇರೆ ಯಾರ ಕೆಲಸವನ್ನೂ ಮಾಡಲ್ಲ. ಕಾರ್ಡು ಭುಜ ತಟ್ಟುತ್ತಲೇ ಇರುತ್ತೆ, ಬಟನ್ ಬಾಗಿಲಲ್ಲೇ ನಿಂತಿರುತ್ತೆ. ಹಂಚೋ ಪ್ರೋಗ್ರಾಂ ನೋಡೋದು ಯಾರ ಹತ್ರ ಇಂಟರಪ್ಟ್ ಎಷ್ಟಿದೆ ಅಂತ ಮಾತ್ರ, ಹಾಗಾಗಿ ಅದರ ಕಣ್ಣಿಗೆ ಆ ಕೋರು ಖಾಲಿ."

ಅಧ್ಯಕ್ಷರು ಭಾವನತ್ತ ತಿರುಗಿ ಮೆಲ್ಲಗೆ ಹೇಳಿದರು: "ಹಿಂದೆ ಮುಳ್ಳು ಕುಂಟುತ್ತೆ ಅಂತ ಹೇಳಿದ್ದು ನಾನೇ. ನೀವು ನುಣ್ಣಗೆ ಮಾಡಿಕೊಟ್ಟಿರಿ. ಸಭೆ ಕರೆದು ಹೊಗಳಿದ್ದೆ. ಕಿಟಕಿ ಸಾಲಿನ ಗಲಾಟೆ ಶುರುವಾಗಿದ್ದು ಅದಾದ ಮೇಲೇ ಅಲ್ವಾ?"

"ನಾನು ಬೇಕಂತ ಮಾಡಿಲ್ಲ," ಅಂದ ಭಾವ.

"ಕಟ್ಟಿದ್ದು ಬೇಕಂತ ಅಲ್ಲ, ಗೊತ್ತು," ಅಂದಳು ಮೆಣಸು. "ಸರ್ವರ್ ಆಫ್ ಮಾಡಿದಾಗ ಕಟ್ಟು ಬಿಚ್ಚಿಕೊಂಡು ಎಲ್ಲಾ ಸರಿಹೋಯ್ತಲ್ಲ, ಆಗ ನಿಮಗೆ ತಿಳೀತಲ್ಲ, ತಿಳಿದೂ ಬಾಯಿ ಮುಚ್ಚಿಕೊಂಡ್ರಲ್ಲ, ಅದು ಬೇಕಂತ. ಈಗ ವಿಷ ಬಿಟ್ಟು ಹೋದಳು ಅಂದ್ರಲ್ಲ, ಅದೂ ಬೇಕಂತ."

ಭಾವ ಲ್ಯಾಪ್‌ಟಾಪ್ ಮುಚ್ಚಿ ತಲೆ ತಗ್ಗಿಸಿದ. ಮಫ್ಲರ್ ತಾತ ಮೆಟ್ಟಿಲಿಳಿದು ಬಂದು, ತಪ್ಪಾಯ್ತಮ್ಮ ಅಂತ ಗಂಟಲಲ್ಲೇ ಗುನುಗಿದ.

"ಏನಂದ್ರಿ? ಕೇಳಿಸಲಿಲ್ಲ. ಕಳ್ಳಿ ಅಂದಾಗ ಗೇಟಿನವರೆಗೂ ಕೇಳಿಸಿತ್ತು."

ತಾತ ಕೆಮ್ಮಿ, ಗಂಟಲು ಸರಿಮಾಡಿಕೊಂಡು, ಗೇಟಿನವರೆಗೂ ಕೇಳಿಸುವ ಹಾಗೆ ಹೇಳಿದ. ನೆಲ ತೊಳೆಯುವ ಹೆಂಗಸು ಬಾಗಿಲಿಗೆ ಬಂದು ನಿಂತು ಕೇಳಿಸಿಕೊಂಡಳು.

ಹರಾಜು ಮುಗಿದ ಮೇಲೆ ಅಧ್ಯಕ್ಷರು ಅವಳನ್ನು ಒಳಗೆ ಕರೆದು ಕೂರಿಸಿದರು. ಗಂಡನ ಸೀಟು ನಾಳೆಯಿಂದಲೇ ಅವನದು. ಭಾವನನ್ನು ಇವತ್ತೇ ಹೊರಗೆ ಕಳಿಸುವುದು, ಅವನ ಜಾಗಕ್ಕೆ ಅವಳು ಬರುವುದು, ಒಪ್ಪಿಗೆಯೇ ಅಂತ ಕೇಳಿದರು.

"ಬರ್ತೀನಿ. ಆದರೆ ಭಾವನ್ನ ಕಳಿಸ್ಬೇಡಿ. ನನ್ನ ಕೈಕೆಳಗೆ ಇರಲಿ. ಗಡಿಯಾರ ಓಡೋವಷ್ಟು ಹೊತ್ತು ದಿನಾ ಕಿಟಕಿ ಸಾಲಿನಲ್ಲೇ ಕೂತಿರಲಿ. ಯಾರಿಗಾದ್ರೂ ಬಟನ್ ತಡ ಆದ್ರೆ ಬಂದು ನನಗೆ ಹೇಳಲಿ."

ಅಧ್ಯಕ್ಷರ ಕಣ್ಣು ತೇವವಾಯಿತು. ಸುದ್ದಿ ಮಾರ್ಕೆಟ್ಟೆಲ್ಲ ಹರಡಿತು. ಅಷ್ಟು ಅನ್ಯಾಯ ಮಾಡಿದವನ ಅನ್ನ ಕಿತ್ತುಕೊಳ್ಳಲಿಲ್ಲ ನೋಡಿ, ಬಾಯಿ ಖಾರ, ಹೃದಯ ಚಿನ್ನ ಅಂತ ಎಲ್ಲರೂ ಹೊಗಳಿದರು. ಗಂಡನೊಬ್ಬ ಮಾತ್ರ ಹೊಗಳಲಿಲ್ಲ. ಅವನಿಗೆ ಹೆಂಡತಿ ಗೊತ್ತು.

ಅವಳು ಕೆಲಸಕ್ಕೆ ಬಂದ ಮೊದಲ ದಿನವೇ ಅಕ್ಕ ಗೇಟಿನ ಬಳಿ ಕಾದಿದ್ದಳು. ಓಡಿಬಂದು ತಂಗಿಯ ಎರಡೂ ಕೈ ಹಿಡಿದುಕೊಂಡಳು. "ನಿನ್ನ ಮನಸ್ಸು ಎಷ್ಟು ದೊಡ್ಡದು ಕಣೆ. ನಮ್ಮ ಸಂಸಾರ ಉಳಿಸಿದೆ. ಈ ಋಣ ಯಾವತ್ತೂ ತೀರಲ್ಲ."

ಬಾಚಿಕೊಳ್ಳದ ಕೂದಲು, ಅತ್ತು ಊದಿದ ಕಣ್ಣು. ಅಯ್ಯೋ ಅನಿಸಿತೇ? ಅನಿಸಿತು. ಒಡಹುಟ್ಟಿದವಳು, ಅನಿಸದೇ ಇರುತ್ತದೆಯೇ? ಆದರೆ ಅದರ ಹಿಂದೆಯೇ ಆ ಫೋನಿನ ದನಿ ಬಂತು. ಮೆಣಸು ತನ್ನ ಕೈ ಬಿಡಿಸಿಕೊಂಡಳು.

"ದೊಡ್ಡ ಮನಸ್ಸೂ ಇಲ್ಲ, ಗಿಡ್ಡ ಮನಸ್ಸೂ ಇಲ್ಲಕ್ಕಾ. ಭಾವನ್ನ ಹೊರಗೆ ಹಾಕಿದ್ರೆ ಅಯ್ಯೋ ಪಾಪ ಅಂತ ನಾಲ್ಕು ಜನ ಅಂತಿದ್ರು, ನೀವೂ ಅಂದ್ಕೊಂಡು ಮರೀತಿದ್ರಿ. ಇಲ್ಲಿದ್ರೆ ದಿನಾ ಬೆಳಿಗ್ಗೆ ನನ್ನ ಮೇಜಿನ ಮುಂದೆ ನಿಂತು, ಇವತ್ತು ಏನು ಮಾಡ್ಲಿ ಅಂತ ನನ್ನನ್ನೇ ಕೇಳಬೇಕು. ಆಮೇಲೆ ಆ ಸಾಲಿನವರ ಮಧ್ಯೆ ಹೋಗಿ ಕೂರಬೇಕು. ಸಂಜೆ ಅದೇ ಮುಖ ಹೊತ್ಕೊಂಡು ನಿನ್ನ ಮನೆಗೆ ಬರ್ತಾರೆ. ನೀನೂ ದಿನಾ ನೋಡು."

ಅಕ್ಕ ತುಟಿ ಕಚ್ಚಿಕೊಂಡಳು. "ಕೆಲಸ ಬಿಡಿಸ್ತೀನಿ. ಬೇರೆ ಕಡೆ ಎಲ್ಲಾದ್ರೂ ಸೇರಿಕೊಳ್ಳಲಿ," ಅಂದಳು.

"ಬಿಡಿಸು. ಬೇಡ ಅಂದವರು ಯಾರು? ಆದರೆ ಕೆಲಸ ಕೊಡೋರು ಇಲ್ಲಿಗೆ ಫೋನ್ ಮಾಡಿ, ಮನುಷ್ಯ ಹೇಗೆ ಅಂತ ಕೇಳ್ತಾರಲ್ಲಕ್ಕಾ. ಆ ಫೋನ್ ಇನ್ಮೇಲೆ ಎತ್ತೋದು ನಾನೇ."

ಅಕ್ಕ ಅಲ್ಲೇ ನಿಂತಳು. ಹೂವಿನ ಗಾಡಿಯವರು ದಾರಿ ಬಿಡಿ ಅಂತ ಕೂಗುತ್ತಿದ್ದರೂ ಅವಳಿಗೆ ಸರಿಯುವುದು ತೋಚಲಿಲ್ಲ. ಮೆಣಸು ಒಳಗೆ ಹೋದಳು, ಭಾವ ಆಗಲೇ ಬಂದು ಮೇಜಿನ ಮುಂದೆ ನಿಂತಿದ್ದ.